ಅರಮನೆಯ ಗೋಡೆಗೆ ಸಿಮೆಂಟ್ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ಅರಮನೆ ಎಂದರೆ ದಸರಾ ದೀಪಗಳ ದೊಡ್ಡ ಅರಮನೆಯೊಂದೇ ಅಲ್ಲ. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಚೆಲುವಾಂಬ ವಿಲಾಸದಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ನಡೆಯುತ್ತಿದೆ. ಕಾರಂಜಿ ವಿಲಾಸ ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಅರಮನೆಯಲ್ಲಿ ಕಚೇರಿ ನಡೆಸಲು ನನ್ನ ತಕರಾರಿಲ್ಲ, ಸಂತೋಷವೇ ಇದೆ. ಜನ ಓಡಾಡುವ ಕಟ್ಟಡದಲ್ಲಿ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಬೀಗ ಜಡಿದ ಕಟ್ಟಡದಲ್ಲಿ ಅರಳಿ ಗಿಡ ಬೇರು ಬಿಟ್ಟ ಮೇಲಷ್ಟೇ ಗೊತ್ತಾಗುತ್ತದೆ. ನಾನು ಕೇಳಿಕೊಳ್ಳುವುದು ಒಂದೇ: ದುರಸ್ತಿಯ ಹೆಸರಿನಲ್ಲಿ ಆ ಗೋಡೆಗಳಿಗೆ ಸಿಮೆಂಟ್ ಮೆತ್ತಬೇಡಿ.

ಕಾರಣ ಸರಳ. ಹಳೆಯ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ನೆಲದ ತೇವ ಅದರೊಳಗೆ ಏರುತ್ತದೆ, ಗಾರೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ನೀರು ಗೋಡೆಯೊಳಗೇ ಇನ್ನೂ ಮೇಲಕ್ಕೆ ಹೋಗುತ್ತದೆ, ಜೊತೆಗೆ ಬಂದ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನೇ ಒಡೆಯುತ್ತದೆ.

ಹಿಂದೊಮ್ಮೆ ಒಂದು ಹಳೆಯ ಮಹಲಿನ ಕಚೇರಿಗೆ ನನ್ನನ್ನು ಕರೆದಿದ್ದರು. ಊರು, ಹೆಸರು ಬೇಡ. ಗೋಡೆಯ ಬುಡದಿಂದ ಸೊಂಟದೆತ್ತರದವರೆಗೆ ಸಿಮೆಂಟ್ ಮೆತ್ತಿ, ಹೊಳೆಯುವ ಬಣ್ಣ ಬಳಿಸಿದ್ದರು. ತೇವ ಆ ಬಣ್ಣದ ಗೆರೆ ದಾಟಿ ಮೇಲೆ ಕಾಣಿಸಿಕೊಂಡಿತ್ತು. ಬೀರುಗಳ ಹಿಂದೆ ಬೂಷ್ಟು, ಕಡತಗಳಿಗೂ ಬೂಷ್ಟು. ಇನ್ನೂ ಎರಡು ಅಡಿ ಎತ್ತರಕ್ಕೆ ಸಿಮೆಂಟ್ ಮಾಡಿಸಿದರೆ ಸಾಕಲ್ಲವೇ ಎಂದು ಕೇಳಿದರು! ನನ್ನ ಜೊತೆ ಬಂದಿದ್ದ ಹಿರಿಯ ಗಾರೆ ಮೇಸ್ತ್ರಿ ಮಾತಾಡಲಿಲ್ಲ. ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತಾ ಹೋದರು. ಟೊಳ್ಳು ಸದ್ದು ಬಂದಲ್ಲಿ ಉಳಿಯಿಟ್ಟು ಒಂದು ಏಟು ಹಾಕಿದರು. ಸಿಮೆಂಟ್ ಚಕ್ಕೆ ಕಳಚಿ ಬಿತ್ತು. ಹಿಂದೆ ಇಟ್ಟಿಗೆಯ ಜಾಗದಲ್ಲಿ ಕೆಂಪು ಪುಡಿ. ಅದನ್ನು ಅಧಿಕಾರಿಯ ಅಂಗೈಗೆ ಸುರಿದು, “ಇದೇ ಸ್ವಾಮಿ ನಿಮ್ಮ ಗೋಡೆ” ಎಂದರು.

ಅಲ್ಲಿಂದ ಕೆಲಸ ಶುರುವಾಯಿತು. ಸಿಮೆಂಟನ್ನೆಲ್ಲ ಕಿತ್ತು, ಬೇಸಿಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಟ್ಟೆವು. ಪುಡಿಯಾದ ಇಟ್ಟಿಗೆ ತೆಗೆದು ಬೇರೆ ಕೂರಿಸಿದೆವು. ಮೇಸ್ತ್ರಿ ಸುಣ್ಣವನ್ನು ತೊಟ್ಟಿಯಲ್ಲಿ ಅರಳಿಸಿ, ವಾರಗಟ್ಟಲೆ ನೀರಿನಡಿ ಇಟ್ಟು, ಮರಳು ಮತ್ತು ಇಟ್ಟಿಗೆ ಪುಡಿಯೊಡನೆ ರುಬ್ಬಿಸಿದರು. ಬೆಲ್ಲದ ನೀರು, ಅಳಲೆಕಾಯಿಯ ನೀರು ಸೇರಿಸಿದರು. ತೆಳುವಾಗಿ ಪದರದ ಮೇಲೆ ಪದರ ಬಳಿದರು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗಬೇಕು, ಅದಕ್ಕೆ ಸಮಯ ಬೇಕು. ಉದ್ಘಾಟನೆಯ ದಿನ ಗೊತ್ತಾಗಿದೆ, ಬೇಗ ಮುಗಿಸಿ ಎಂದರೆ ಸುಣ್ಣ ಕೇಳುವುದಿಲ್ಲ. ಮುಂದಿನ ಮಳೆಗಾಲ ಕಳೆದರೂ ಆ ಗೋಡೆಯ ಮೇಲೆ ಬೂಷ್ಟು ಬರಲಿಲ್ಲ.

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಲಗುವ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಲೆಕ್ಕ ಹಿಡಿಯುತ್ತಾರೆ, ಕಡತದ ಕೋಣೆಗೆ ಸುಮಾರು 500 ಕಿಲೋ. ಆದ್ದರಿಂದ ಮರದ ತೊಲೆಗಳ ಮೇಲಿನ ಮಹಡಿಗೆ ಕಡತದ ಬೀರು ಏರಿಸಬೇಡಿ, ನೆಲಮಹಡಿಯಲ್ಲಿಡಿ. ವಿದ್ಯುತ್ ತಂತಿಗಾಗಿ ಗೋಡೆ ಕೊರೆಯದೆ ಹೊರಗೇ ಅಂದವಾಗಿ ಎಳೆಯಿರಿ. ಎ.ಸಿ. ಬಂತೆಂದು ಮೇಲಿನ ಗವಾಕ್ಷಿಗಳನ್ನು ಮುಚ್ಚಬೇಡಿ. ತೊಲೆಯ ತುದಿ ಗೋಡೆಯೊಳಗೆ ಸೇರುವಲ್ಲಿ ಕೊಳೆಯುತ್ತಿದೆಯೇ ಎಂದು ನೋಡಬೇಕು, ಅದಕ್ಕೆ ಅಡ್ಡವಾಗಿ ಸುಳ್ಳು ಛಾವಣಿ, ಅಂದರೆ ಫಾಲ್ಸ್ ಸೀಲಿಂಗ್ ಕಟ್ಟಿಸಬೇಡಿ.

ಟೆಂಡರ್ ಕರೆಯುವ ಎಂಜಿನಿಯರುಗಳು ಕೇಳುತ್ತಿದ್ದರೆ ದಯವಿಟ್ಟು ಬರೆದುಕೊಳ್ಳಿ: ಕರಾರಿನಲ್ಲಿ ‘ಗಾರೆ’ ಎಂದಷ್ಟೇ ಬರೆದರೆ ಗುತ್ತಿಗೆದಾರ ಸಿಮೆಂಟ್ ಚೀಲವನ್ನೇ ತರುತ್ತಾನೆ. ‘ಅರಳಿಸಿದ ಸುಣ್ಣದ ಗಾರೆ, ಸಿಮೆಂಟ್ ಬೆರೆಸಕೂಡದು’ ಎಂದು ಪೂರ್ತಿ ಬರೆಯಿರಿ. ಒಣಗಲು ಬೇಕಾದ ತಿಂಗಳುಗಳನ್ನೂ ಕರಾರಿನಲ್ಲೇ ಸೇರಿಸಿ. ನಮಸ್ಕಾರ.