ಬೆಟದೂರಿನ ಹನಮಂತಪ್ಪ

ಕೇಳುಗರೇ, ನಮಸ್ಕಾರ.

ಲ್ಯಾನ್ಸ್ ನಾಯಕ್ ಹನಮಂತಪ್ಪ ಕೊಪ್ಪದ ಎಂದ ಕೂಡಲೇ ನಿಮಗೆ ನೆನಪಾಗುವುದು ಹಿಮ, ಅಲ್ವಾ? ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಹೂತುಹೋಗಿ, ಜೀವ ಹಿಡಿದುಕೊಂಡು ಸಿಕ್ಕವರು. ಆ ಮಾತಿಗೂ ಬರುತ್ತೇನೆ. ಅದಕ್ಕೂ ಮುಂಚೆ ಸೇನೆಯಲ್ಲಿ ಕಳೆದ 13 ವರ್ಷದ ಮಾತು ಮೊದಲು ಆಗಲಿ. ಅದನ್ನು ನಾವು ಜಾಸ್ತಿ ಆಡಿಯೇ ಇಲ್ಲ.

ಊರು ಧಾರವಾಡ ಜಿಲ್ಲೆ, ಕುಂದಗೋಳ ತಾಲ್ಲೂಕಿನ ಬೆಟದೂರು. ಎರೆ ಹೊಲದ, ಅಂದರೆ ಕಪ್ಪು ಮಣ್ಣಿನ ಸೀಮೆ. ಮಳೆ ಬಂದರೆ ಕಾಲಿಗೆ ಮಣ್ಣು ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಹೈಸ್ಕೂಲಿಗೆ ದಿನಾ 6 ಕಿಲೋಮೀಟರ್ ನಡಿಗೆ. 2002ರ ಅಕ್ಟೋಬರಿನಲ್ಲಿ ಮದ್ರಾಸ್ ರೆಜಿಮೆಂಟ್ ಸೇರಿದರು.

ಆ 13 ವರ್ಷದಲ್ಲಿ 10 ವರ್ಷ ಕಷ್ಟದ ಜಾಗಗಳಲ್ಲೇ ಕಳೆದರು. 2003ರಿಂದ 2006ರವರೆಗೆ ಜಮ್ಮು-ಕಾಶ್ಮೀರದ ಮಹೋರ್. 2008ರಲ್ಲಿ ಮತ್ತೆ ಜಮ್ಮು-ಕಾಶ್ಮೀರಕ್ಕೇ, ಉಗ್ರರ ವಿರುದ್ಧ ಹೋರಾಡುವ ಸೇನಾಪಡೆ ರಾಷ್ಟ್ರೀಯ ರೈಫಲ್ಸ್‌ನ 54ನೇ ಬೆಟಾಲಿಯನ್‌ಗೆ. ಆಮೇಲೆ ಎರಡು ವರ್ಷ ಈಶಾನ್ಯದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆ. ರಾಷ್ಟ್ರೀಯ ರೈಫಲ್ಸ್‌ಗೂ, ಈಶಾನ್ಯಕ್ಕೂ ಅವರು ತಾವಾಗಿಯೇ ಕೇಳಿಕೊಂಡು ಹೋದವರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಇದೇ. ಒಮ್ಮೆ ಗುಂಡಿನ ಸದ್ದು ಕೇಳಿ ಬಂದವರು, ಗೊತ್ತಿದ್ದೂ ಮತ್ತೆ ಅಂಥದ್ದೇ ಜಾಗ ಕೇಳಿದರು.

2015ರ ಆಗಸ್ಟ್‌ನಲ್ಲಿ ಸಿಯಾಚಿನ್‌ಗೆ ಬಂದರು. ಡಿಸೆಂಬರಿನಲ್ಲಿ ಇನ್ನೂ ಮೇಲಿನ ಸೋನಂ ಠಾಣೆಗೆ. ಸುಮಾರು 19,600 ಅಡಿ ಎತ್ತರ, ರಾತ್ರಿ ಮೈನಸ್ 40 ಡಿಗ್ರಿ ಚಳಿ. ಅಲ್ಲಿ ಒಂದು ಲೋಟ ನೀರು ಬೇಕೆಂದರೂ ಸ್ಟೌ ಹಚ್ಚಿ ಹಿಮ ಕರಗಿಸಬೇಕು. ಕೈಗವಸು ತೆಗೆದು ಬಂದೂಕು ಮುಟ್ಟಿದರೆ ಚರ್ಮ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಸಿಯಾಚಿನ್‌ನಲ್ಲಿ ಗುಂಡಿಗಿಂತ ಚಳಿ, ಹಿಮವೇ ಜಾಸ್ತಿ ಸೈನಿಕರನ್ನು ತಿಂದಿದೆ.

2016ರ ಫೆಬ್ರುವರಿ 3, ಬೆಳಗಿನ ಜಾವ. ಹಿಮದ ಗೋಡೆಯೊಂದು ಕುಸಿದು ಠಾಣೆಯ ಮೇಲೆ ಬಿತ್ತು. ಒಳಗೆ ಹತ್ತು ಜನ. ಹುಡುಕಲು ಹೋದವರು 150ಕ್ಕೂ ಜಾಸ್ತಿ. ಹಿಮ ಎಂದರೆ ಹತ್ತಿಯಂಥದ್ದಲ್ಲ, ಕಾಂಕ್ರೀಟಿನಷ್ಟು ಗಟ್ಟಿ. ಯಂತ್ರ ಹಚ್ಚಿ ಕೊರೆದರು. ಉಸಿರಾಡಲು ಗಾಳಿಯೇ ಸಾಲದ ಎತ್ತರದಲ್ಲಿ ಹಗಲೂ ರಾತ್ರಿ ಅಗೆದರು. ಡಾಟ್, ಮೀಶಾ ಎಂಬ ನಾಯಿಗಳು ಮೂಸಿ ಮೂಸಿ ಜಾಗ ತೋರಿಸಿದವು. 8ರ ರಾತ್ರಿ, ಸುಮಾರು 25 ಅಡಿ ಕೆಳಗೆ ಹನಮಂತಪ್ಪ ಸಿಕ್ಕರು. ನಾಡಿ ಇನ್ನೂ ಬಡಿಯುತ್ತಿತ್ತು.

ಮಾರನೇ ದಿನ ದೆಹಲಿಯ ಸೇನಾ ಆಸ್ಪತ್ರೆ. ದೇವಸ್ಥಾನ, ಮಸೀದಿ, ಚರ್ಚು ಎನ್ನದೆ ಎಲ್ಲ ಕಡೆ ಜನ ಅವರಿಗಾಗಿ ಬೇಡಿಕೊಂಡರು. ಉತ್ತರ ಪ್ರದೇಶದ ಒಬ್ಬ ಗೃಹಿಣಿ ತನ್ನ ಕಿಡ್ನಿ ಕೊಡುತ್ತೇನೆ ಎಂದು ಮುಂದೆ ಬಂದರು. ಅವರ ಮುಖವನ್ನೇ ನೋಡದವರು! ಆದರೆ ಕಿಡ್ನಿ, ಲಿವರ್ ಎರಡೂ ಸೋತಿದ್ದವು. ಫೆಬ್ರುವರಿ 11ರಂದು ಹನಮಂತಪ್ಪ ತೀರಿಕೊಂಡರು. ವಯಸ್ಸು 33. ಮನೆಯಲ್ಲಿ ತಾಯಿ, ಹೆಂಡತಿ, ಪುಟ್ಟ ಮಗಳು.

ಅವರ ಜೊತೆಗಿದ್ದು ಹಿಮದಡಿಯೇ ಜೀವ ಬಿಟ್ಟ ಒಂಬತ್ತು ಜನರಲ್ಲಿ ಇನ್ನಿಬ್ಬರು ಕನ್ನಡಿಗರು: ಹಾಸನದ ಹತ್ತಿರದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್. ಹನಮಂತಪ್ಪ ಎಂದಾಗ ದಯವಿಟ್ಟು ಈ ಎರಡು ಹೆಸರನ್ನೂ ಜೊತೆಗೇ ಹೇಳಿ.

12ರಂದು ಬೆಟದೂರಿಗೆ ಜನಸಾಗರವೇ ಬಂತು. ಸೇನೆ ಕುಶಾಲತೋಪು ಹಾರಿಸಿತು. ಹಿಮದಿಂದ ಅಗೆದು ತೆಗೆದ ಮಗನನ್ನು ಊರವರು ತಮ್ಮ ಎರೆ ಮಣ್ಣಿನಲ್ಲಿ ಮಲಗಿಸಿದರು.