ಗೋಸುಂಬೆ ಸಾಕೋ ಮುಂಚೆ ಅದರ ಕೇಜ್ ಸಾಕಿ

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಖಾಲಿ ಕೇಜ್. ಒಳಗೆ ಗಿಡ ಇದೆ, ಕೊಂಬೆ ಇದೆ, ಮೇಲೆ ಲೈಟ್ ಉರೀತಿದೆ. ಗೋಸುಂಬೆ ಮಾತ್ರ ಇಲ್ಲ. ಅದು ಬರೋದು ಇನ್ನೊಂದು ವಾರಕ್ಕೆ. ಅಲ್ಲಿವರೆಗೂ ಈ ಕೇಜ್ ಹೀಗೇ ಖಾಲಿ ಓಡಬೇಕು. ಲೈಟ್ ಹೇಳಿದ ಹೊತ್ತಿಗೆ ಹತ್ತಿ ಆರುತ್ತಾ, ಮೇಲಿನ ಕೊಂಬೆ ಹತ್ರ ಬಿಸಿ ಎಷ್ಟು, ಕೆಳಗೆ ಎಷ್ಟು, ಸಿಂಪಡಿಸಿದ ನೀರು ಎಲ್ಲಿ ಹೋಗಿ ನಿಂತ್ಕೊಳ್ಳುತ್ತೆ, ಇದೆಲ್ಲ ಗೊತ್ತಾಗೋದು ಓಡಿಸಿದಾಗಲೇ. ನಾಯಿ ಸಾಕೋರು ನಾಯಿ ಜೊತೆ ಟೈಮ್ ಕಳೀತಾರೆ. ಗೋಸುಂಬೆ ಸಾಕೋರು ಟೈಮ್ ಕಳೆಯೋದು ಕೇಜ್ ಜೊತೆ. ಮುದ್ದು ಮಾಡೋಕೆ ಒಂದು ಪ್ರಾಣಿ ಬೇಕು ಅನ್ನೋರು ವಿಡಿಯೋ ಇಲ್ಲಿಗೇ ನಿಲ್ಲಿಸಬಹುದು, ಬೇಜಾರಿಲ್ಲ.

ಯಾವ ಜಾತಿ? ಹೊಸಬರು ಹೆಚ್ಚಾಗಿ ಶುರು ಮಾಡೋದು ವೇಲ್ಡ್ ಕ್ಯಾಮೆಲಿಯನ್‌ನಿಂದ. ತಲೆ ಮೇಲೆ ಎತ್ತರದ ಕಿರೀಟ ಇರುತ್ತಲ್ಲ, ಅದು. ಮೂಲ ಯೆಮೆನ್ ಮತ್ತು ಸೌದಿ ಅರೇಬಿಯಾ. ಇನ್ನೊಂದು ಮಡಗಾಸ್ಕರ್‌ನ ಪ್ಯಾಂಥರ್. ಮೂರು ಕೊಂಬಿನ ಜ್ಯಾಕ್ಸನ್ಸ್ ನೋಡೋಕೆ ಚೆಂದ, ಆದ್ರೆ ಪೂರ್ವ ಆಫ್ರಿಕಾದ ಬೆಟ್ಟದ ಜೀವ, ರಾತ್ರಿ ಚೆನ್ನಾಗಿ ತಂಪಾಗಬೇಕು. ಮೊದಲ ಸಲಕ್ಕೆ ಬೇಡ. ಈ ವಿಡಿಯೋದಲ್ಲಿ ಹೇಳೋ ಅಳತೆಗಳೆಲ್ಲ ವೇಲ್ಡ್‌ಗೆ. ಈ ಮೂರೂ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಹಾಗಾಗಿ ಕಾಗದಪತ್ರ ಕೇಳಿ ತಗೊಳ್ಳಿ, ನೀವಿರೋ ಕಡೆಯ ಕಾನೂನು ಸಾಕೋಕೆ ಬಿಡುತ್ತಾ ಅಂತ ಮೊದಲೇ ನೋಡಿ. ಕಾಡಿಂದ ಹಿಡಿದ ಪ್ರಾಣಿ ಬೇಡವೇ ಬೇಡ. ಅದರ ಹೊಟ್ಟೆ ತುಂಬ ಹುಳ ಇರುತ್ತೆ, ಮೈ ತುಂಬ ಹೆದರಿಕೆ. ಸಾಕಿದ ಜೋಡಿಗೆ ಹುಟ್ಟಿದ, ಮೂರು ತಿಂಗಳು ದಾಟಿದ ಮರಿ ನೋಡಿ. ಗಂಡು ಹೆಣ್ಣು ಹೇಳೋದು ಸುಲಭ: ಗಂಡು ವೇಲ್ಡ್‌ಗೆ ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥ ಗಂಟು ಮರಿಯಿಂದಲೇ ಇರುತ್ತೆ. ಮೊದಲ ಸಲ ಅಂದ್ರೆ ಗಂಡೇ ಇರಲಿ. ಯಾಕೆ ಅಂತ ಮುಂದೆ ಬರುತ್ತೆ.

ಬೆಳೆದ ಗಂಡಿಗೆ ಕೇಜ್ 60 ಸೆಂಟಿಮೀಟರ್ ಉದ್ದ, 60 ಅಗಲ, 120 ಎತ್ತರ. ಹೆಣ್ಣಿಗೆ 45, 45, 90 ನಡೆಯುತ್ತೆ. ಎತ್ತರದಲ್ಲಿ ಮಾತ್ರ ಚೌಕಾಸಿ ಬೇಡ. ಸುತ್ತ ಜಾಲರಿ ಇದ್ರೆ ಗಾಳಿ ಆಡುತ್ತೆ. ಮನೆ ತುಂಬಾ ಒಣಗಿದ್ರೆ ಹಿಂದೆ ಮತ್ತು ಎರಡು ಪಕ್ಕ ಪ್ಲಾಸ್ಟಿಕ್ ಶೀಟ್ ಕಟ್ಟಿ ತೇವ ಹಿಡಿದಿಡಬಹುದು, ಆದ್ರೆ ಮುಂದೆ ಮತ್ತು ಮೇಲೆ ತೆರೆದೇ ಇರಲಿ. ಕೇಜ್ ನೆಲದ ಮೇಲೆ ಇಡ್ಬೇಡಿ. ಮೇಜಿನ ಮೇಲೋ ಸ್ಟ್ಯಾಂಡ್ ಮೇಲೋ ಇಟ್ಟು, ಮೇಲಿನ ಕೊಂಬೆ ನಿಮ್ಮ ಕಣ್ಣಿಗಿಂತ ಎತ್ತರ ಬರೋ ಹಾಗೆ ನೋಡ್ಕೊಳ್ಳಿ. ತಲೆ ಮೇಲಿಂದ ಬಗ್ಗಿ ನೋಡೋ ಯಾವುದೇ ಆಕಾರ ಗೋಸುಂಬೆ ಪಾಲಿಗೆ ಹದ್ದೇ. ಫ್ಯಾನ್, ಎಸಿ ಗಾಳಿ ನೇರ ಬೀಳಬಾರದು. ಎದುರಿಗೆ ಕನ್ನಡಿ ಇರಬಾರದು, ತನ್ನ ಬಿಂಬವೇ ಅದಕ್ಕೆ ಶತ್ರು. ಅದೇ ಕಾರಣಕ್ಕೆ ಒಂದು ಕೇಜಿಗೆ ಒಂದೇ ಪ್ರಾಣಿ. ಜೋಡಿ ಇಟ್ರೆ ಪಾಪ ಒಂಟಿ ಅನ್ಸಲ್ಲ ಅನ್ನೋದು ನಮ್ಮ ಲೆಕ್ಕ, ಗೋಸುಂಬೆದಲ್ಲ.

ಒಳಗೆ ಕೊಂಬೆ ಕಟ್ಟೋದು ಕೇಜ್ ಅಲಂಕಾರಕ್ಕಲ್ಲ. ಪಾದ ಹತ್ತಿರದಿಂದ ನೋಡಿ: ಐದು ಬೆರಳು ಎರಡು ಗುಂಪಾಗಿ ಅಂಟಿಕೊಂಡಿವೆ, ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು, ಥೇಟ್ ಇಕ್ಕಳ. ಈ ಇಕ್ಕಳಕ್ಕೆ ಚಪ್ಪಟೆ ನೆಲ ಒಗ್ಗಲ್ಲ. ಪೆನ್ಸಿಲ್ ದಪ್ಪದಿಂದ ಹೆಬ್ಬೆರಳಿನ ದಪ್ಪದವರೆಗೆ ಬೇರೆ ಬೇರೆ ಕೊಂಬೆಗಳನ್ನ ಅಡ್ಡಡ್ಡ, ಬೇರೆ ಬೇರೆ ಎತ್ತರದಲ್ಲಿ ಕಟ್ಟಿ. ಒಂದರಿಂದ ಇನ್ನೊಂದಕ್ಕೆ ಏರೋಕೆ ಓರೆಯಾಗಿ ಒಂದೆರಡು. ಭಾರ ತಡೆಯುತ್ತಾ ಅಂತ ಕೈಯಲ್ಲಿ ಒತ್ತಿ ನೋಡಿ. ಗಿಡಕ್ಕೆ ಮನಿ ಪ್ಲಾಂಟ್, ದಾಸವಾಳ, ಛತ್ರಿ ಗಿಡ ಅನ್ನೋ ಶೆಫ್ಲೆರಾ ಸಾಕು. ವೇಲ್ಡ್ ಎಲೆ ತಿನ್ನುತ್ತೆ, ಅದಕ್ಕೇ ನರ್ಸರಿಯಿಂದ ತಂದ ಗಿಡದ ಎಲೆ ಚೆನ್ನಾಗಿ ತೊಳೆದು, ಔಷಧಿ ಹೊಡೆದಿದ್ದಾರೇನೋ ಅನ್ನೋ ಅನುಮಾನ ಇದ್ರೆ ಮಣ್ಣನ್ನೂ ಬದಲಾಯಿಸಿ. ಪ್ಲಾಸ್ಟಿಕ್ ಎಲೆ ಕಚ್ಚಿ ನುಂಗಿದ್ರೆ ಕರುಳು ಕಟ್ಟುತ್ತೆ. ಕೇಜ್ ಮಧ್ಯ ಎಲೆ ಎಷ್ಟು ದಟ್ಟ ಇರಬೇಕು ಅಂದ್ರೆ, ಪ್ರಾಣಿ ಬೇಕು ಅಂದಾಗ ನಿಮ್ಮ ಕಣ್ಣಿಗೆ ಪೂರ್ತಿ ಮರೆಯಾಗಬೇಕು. ನೆಲಕ್ಕೆ ಮರದ ಚೂರು, ಹೊಟ್ಟು ಹಾಸಬೇಡಿ. ನೆಲ ಬರಿದಾಗಿರಲಿ, ಒರೆಸೋಕೂ ಸುಲಭ.

ಈಗ ಲೈಟ್. ಹೊಸಬರು ಅತಿ ಹೆಚ್ಚು ಎಡವೋದು ಇಲ್ಲೇ, ಆದ್ರಿಂದ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಎರಡು ಲೈಟ್ ಬೇಕು, ಎರಡಕ್ಕೂ ಕೆಲಸ ಬೇರೆ. ಒಂದು ಯುವಿಬಿ ಟ್ಯೂಬ್, ಅಂದ್ರೆ ಬಿಸಿಲಲ್ಲಿರೋ ಥರದ ನೇರಳಾತೀತ ಕಿರಣ ಕೊಡೋದು. ಈ ಕಿರಣ ಚರ್ಮಕ್ಕೆ ಬಿದ್ದಾಗ ಮೈಯೊಳಗೆ ವಿಟಮಿನ್ ಡಿ3 ತಯಾರಾಗುತ್ತೆ. ಡಿ3 ಇಲ್ಲ ಅಂದ್ರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳೋಕೆ ಶುರು ಮಾಡುತ್ತೆ. ಮೊಣಕೈ ಬಾಗೋದು, ದವಡೆ ರಬ್ಬರ್ ಥರ ಮೆತ್ತಗಾಗೋದು, ನಾಲಿಗೆ ಗುರಿ ತಪ್ಪೋದು, ಹತ್ತೋವಾಗ ಕೈ ನಡುಗೋದು ಎಲ್ಲ ಇದರಿಂದಲೇ. ಒಮ್ಮೆ ಬಾಗಿದ ಮೂಳೆ ಮತ್ತೆ ನೆಟ್ಟಗಾಗಲ್ಲ. ತಗೊಳ್ಳಬೇಕಾದ್ದು ಟಿ5 ಹೈ ಔಟ್‌ಪುಟ್ ಉದ್ದ ಟ್ಯೂಬ್, ಬ್ರ್ಯಾಂಡ್ ಹೇಳೋದಾದ್ರೆ ಆರ್ಕೇಡಿಯಾ 6 ಪರ್ಸೆಂಟ್ ಅಥವಾ ರೆಪ್ಟಿಸನ್ 5.0. ಸುರುಳಿ ಆಕಾರದ ಚಿಕ್ಕ ಬಲ್ಬ್ ಬೇಡ, ಅದರ ಬೆಳಕು ಒಂದೇ ಜಾಗಕ್ಕೆ ಬೀಳುತ್ತೆ. ಟ್ಯೂಬ್ ಜಾಲರಿ ಮೇಲಿದ್ರೆ, ಪ್ರಾಣಿಯ ಬೆನ್ನಿಗೂ ಟ್ಯೂಬಿಗೂ ಸುಮಾರು 20ರಿಂದ 23 ಸೆಂಟಿಮೀಟರ್ ಅಂತರ. ಗಮನಿಸಿ, ಕೊಂಬೆಗಲ್ಲ, ಬೆನ್ನಿಗೆ. ಯುವಿ ಅಳೆಯೋ ಸೋಲಾರ್‌ಮೀಟರ್ 6.5 ಸಿಕ್ಕರೆ ಅಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ತೋರಿಸಬೇಕು. ಮೀಟರ್ ಇಲ್ಲದವರು ವರ್ಷಕ್ಕೊಮ್ಮೆ ಟ್ಯೂಬ್ ಬದಲಾಯಿಸಿ. ಕಣ್ಣಿಗೆ ಬೆಳಕು ಅಷ್ಟೇ ಇರುತ್ತೆ, ಯುವಿಬಿ ಮಾತ್ರ ಸದ್ದಿಲ್ಲದೆ ಇಳಿದಿರುತ್ತೆ. ಇನ್ನು ಕಿಟಕಿ ಬಿಸಿಲು ಬೀಳುತ್ತಲ್ಲ ಅಂತ ಕೇಳೋರು ಬಹಳ. ಗಾಜು ಯುವಿಬಿಯನ್ನ ತಡೆದುಬಿಡುತ್ತೆ. ಒಳಗೆ ಬರೋದು ಬಿಸಿ ಮಾತ್ರ.

ಎರಡನೇದು ಬಿಸಿ ಕಾಯಿಸೋ ಬಲ್ಬ್. ವಿಶೇಷದ್ದೇನೂ ಬೇಡ, ಮಾಮೂಲಿ ಬಿಳಿ ಹ್ಯಾಲೊಜನ್ ಅಥವಾ ತಂತಿ ಬಲ್ಬ್ ಆಗುತ್ತೆ. ವ್ಯಾಟ್ ಎಷ್ಟು ಅನ್ನೋದನ್ನ ಅಂಗಡಿಯವರು ಹೇಳೋಕಾಗಲ್ಲ, ಥರ್ಮಾಮೀಟರ್ ಹೇಳಬೇಕು. ಬಲ್ಬ್ ಕೆಳಗಿನ ಕೊಂಬೆಯಲ್ಲಿ, ಕೂತ ಪ್ರಾಣಿಯ ಬೆನ್ನಿನ ಎತ್ತರಕ್ಕೆ ಥರ್ಮಾಮೀಟರ್ ತಂತಿಯ ತುದಿ ಕಟ್ಟಿ. ಬೆಳೆದ ಗಂಡಿಗೆ ಅಲ್ಲಿ 29 ಡಿಗ್ರಿ ಸಾಕು. ಹೆಣ್ಣಿಗೆ, ಮರಿಗೆ 27. ಕೇಜಿನ ಉಳಿದ ಭಾಗ 22ರಿಂದ 25, ರಾತ್ರಿ 18ಕ್ಕೆ ಇಳಿದ್ರೂ ತೊಂದರೆಯಿಲ್ಲ, ಇಳಿದ್ರೇ ಒಳ್ಳೇದು. ಇದು ಮರುಭೂಮಿ ಪ್ರಾಣಿ ಅಲ್ವಾ ಅಂತ 38, 40ಕ್ಕೆ ಏರಿಸೋರಿದ್ದಾರೆ. ಪರಿಣಾಮ ಕಾಣಿಸೋದು ಬೆನ್ನ ಮೇಲಿನ ಗರಗಸದಂಥ ಅಂಚಿನಲ್ಲೋ ಕಿರೀಟದ ತುದಿಯಲ್ಲೋ: ಮೊದಲು ಅಲ್ಲಿ ಬಣ್ಣ ಕೆಡುತ್ತೆ, ಆಮೇಲೆ ಕಪ್ಪಾಗಿ ಸಿಪ್ಪೆ ಏಳುತ್ತೆ. ಸುಡ್ತಿದೆ ಅಂತ ಗೋಸುಂಬೆ ಜಾಗ ಬಿಟ್ಟು ಏಳಲ್ಲ, ಮೈಯೆಲ್ಲ ಕಾಯೋವರೆಗೂ ಅಲ್ಲೇ ಕೂರುತ್ತೆ. ಹಾಗಾಗಿ ಬಲ್ಬ್ ಕೇಜ್ ಒಳಗಂತೂ ಬೇಡ.

ಯುವಿಬಿ 12 ಗಂಟೆ ಉರೀಬೇಕು, 12 ಗಂಟೆ ಆರಬೇಕು, ಟೈಮರ್ ಹಾಕಿಬಿಡಿ. ರಾತ್ರಿಗೆ ಕೆಂಪು ಬಲ್ಬ್, ನೀಲಿ ಬಲ್ಬ್ ಅಂತ ಮಾರ್ತಾರೆ. ಯಾವುದೂ ಬೇಡ, ಪೂರ್ತಿ ಕತ್ತಲೆ ಇರಲಿ.

ನೀರಿನ ವಿಷಯಕ್ಕೆ ಬಂದ್ರೆ, ಬಟ್ಟಲಲ್ಲಿ ನಿಂತ ನೀರು ಗೋಸುಂಬೆಗೆ ನೀರಾಗಿ ಕಾಣೋದೇ ಕಡಿಮೆ. ಎಲೆ ಮೇಲೆ ಹೊಳೆಯೋ ಹನಿ ಕಂಡ್ರೆ ನೆಕ್ಕುತ್ತೆ. ಬೆಳಗ್ಗೆ ಲೈಟ್ ಹತ್ತೋ ಮುಂಚೆ ಎರಡು ನಿಮಿಷ, ರಾತ್ರಿ ಲೈಟ್ ಆರಿದ ಮೇಲೆ ಎರಡು ನಿಮಿಷ ಸಣ್ಣಗೆ ಸಿಂಪಡಿಸಿ. ಮಧ್ಯಾಹ್ನ ತೊಟ್ಟಿಕ್ಕೋ ಬಾಟಲಿಯಿಂದ 15 ನಿಮಿಷ ಎಲೆ ಮೇಲೆ ಹನಿ ಬೀಳಲಿ. ಉಳಿದ ಹೊತ್ತು ಎಲೆ ಒಣಗಬೇಕು. ಹಗಲು ತೇವಾಂಶ 30ರಿಂದ 50 ಪರ್ಸೆಂಟ್, ರಾತ್ರಿ 75ರ ಮೇಲೆ. ಮಂಜು ಬಿಡೋ ಯಂತ್ರ ಫಾಗರ್ ಇದ್ರೆ ರಾತ್ರಿ ತಂಪಿದ್ದಾಗ ಮಾತ್ರ ಹಾಕಿ. ಬಿಸಿ ಗಾಳಿ, ಅದರ ಜೊತೆ ಒದ್ದೆ, ಎರಡೂ ಸೇರಿದ್ರೆ ಶ್ವಾಸಕೋಶದ ಸೋಂಕಿಗೆ ಬಾಗಿಲು ತೆರೆದ ಹಾಗೆ. ಗಡುಸು ನೀರು ಹಾಕಿದ್ರೆ ನಾಜಲ್ ಕಟ್ಟುತ್ತೆ, ಎಲೆ ಮೇಲೆ ಬಿಳಿ ಕಲೆ ಕೂರುತ್ತೆ, ಅದಕ್ಕೆ ಫಿಲ್ಟರ್ ನೀರು. ಕೇಜ್ ತಳಕ್ಕೆ ತೂತು ಕೊರೆದು ಕೆಳಗೆ ಟ್ರೇ ಇಡಿ. ಕೇಜ್ ಖಾಲಿ ಓಡಿಸೋ ವಾರದಲ್ಲಿ ಮೂಲೆಯಲ್ಲಿ ನಿಂತ ಕೊಚ್ಚೆ ಕಂಡ್ರೆ ಸರಿಮಾಡೋಕೆ ಅದೇ ಸಮಯ.

ನೀರು ಸಾಕಾಗ್ತಿದೆಯಾ ಅಂತ ತಿಳಿಯೋಕೆ ಹಿಕ್ಕೆ ನೋಡಿ. ಕಂದು ಭಾಗದ ಜೊತೆ ಗಟ್ಟಿ ಬಿಳಿ ಭಾಗ ಒಂದು ಬರುತ್ತೆ. ಪೂರ್ತಿ ಬಿಳಿ ಇದ್ರೆ ಸರಿ, ತುದಿಯಲ್ಲಿ ಸ್ವಲ್ಪ ಹಳದಿ ಇದ್ರೂ ಸರಿ. ಎಲ್ಲ ಕಿತ್ತಳೆ ಆಗಿದ್ರೆ ನೀರು ಸಾಲ್ತಿಲ್ಲ.

ಸಿಂಪಡಿಸೋವಾಗ ಒಂದು ದೃಶ್ಯ ಕಂಡು ಗಾಬರಿ ಆಗ್ಬೇಡಿ: ಗೋಸುಂಬೆ ಒಂದು ಕಣ್ಣು ಮುಚ್ಚುತ್ತೆ, ಗುಡ್ಡೆ ಬುಗ್ಗೆ ಥರ ಊದುತ್ತೆ, ಒಳಗೆ ಗಿರಗಿರ ತಿರುಗುತ್ತೆ, ಆಮೇಲೆ ಕೊಂಬೆಗೆ ಉಜ್ಜುತ್ತೆ. ಕಣ್ಣು ತೊಳ್ಕೊಳ್ತಿದೆ, ಅಷ್ಟೇ. ಆದ್ರೆ ಹಗಲು ಹೊತ್ತು ಎರಡೂ ಕಣ್ಣು ಮುಚ್ಚಿ ಕೂತಿದ್ರೆ ಅದು ನಿದ್ದೆ ಅಲ್ಲ, ಕಾಯಿಲೆ. ಅವತ್ತೇ ಡಾಕ್ಟರ್ ಹತ್ರ ಹೋಗಿ.

ಊಟ ಅಂದ್ರೆ ಕ್ರಿಕೆಟ್ ಹುಳ, ಡೂಬಿಯಾ ಜಿರಳೆ, ರೇಷ್ಮೆ ಹುಳ, ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿಹುಳ. ಹುಳದ ಉದ್ದ ಗೋಸುಂಬೆಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ಹೆಚ್ಚಿರಬಾರದು. ಮರಿಗೆ ದಿನಕ್ಕೆ 10, 12 ಚಿಕ್ಕ ಹುಳ. ಬೆಳೆದ ಗಂಡಿಗೆ ದಿನ ಬಿಟ್ಟು ದಿನ 3ರಿಂದ 5. ಖಾಲಿ ಹೊಟ್ಟೆಯ ಹುಳ ಬರೀ ಸಿಪ್ಪೆ. ತಿನ್ನಿಸೋ ಒಂದು ದಿನ ಮುಂಚೆ ಹುಳಕ್ಕೇ ಸೊಪ್ಪು, ಕ್ಯಾರೆಟ್ ಹಾಕಿ ಹೊಟ್ಟೆ ತುಂಬಿಸಿ. ಕೊಡೋ ಹೊತ್ತಿಗೆ ಡಬ್ಬಿಯಲ್ಲಿ ಚಿಟಿಕೆ ಕ್ಯಾಲ್ಸಿಯಂ ಪುಡಿ ಹಾಕಿ ಅಲ್ಲಾಡಿಸಿ. ಹುಳದ ಮೇಲೆ ತೆಳ್ಳಗೆ ಕೂತ್ರೆ ಸಾಕು, ಪುಟ್ಟ ಹಿಮಮಾನವ ಆಗೋದು ಬೇಡ. ದಿನದ ಪುಡಿ ಡಿ3 ಇಲ್ಲದ, ರಂಜಕ ಇಲ್ಲದ ಕ್ಯಾಲ್ಸಿಯಂ. ಡಿ3 ಮತ್ತು ವಿಟಮಿನ್ ಎ ಇರೋ ಮಲ್ಟಿವಿಟಮಿನ್ ತಿಂಗಳಿಗೆ ಎರಡೇ ಸಲ. ಇವು ಮೈಯಲ್ಲಿ ಕೂಡಿಟ್ಟುಕೊಳ್ಳೋ ವಿಟಮಿನ್, ಜಾಸ್ತಿಯಾದ್ರೂ ಕಾಯಿಲೆಯೇ. ಉಳಿದ ಕ್ರಿಕೆಟ್ ಸಂಜೆಗೆ ಎತ್ತಿಬಿಡಿ, ರಾತ್ರಿ ಮಲಗಿದ ಗೋಸುಂಬೆಯನ್ನೇ ಕಚ್ಚುತ್ತವೆ. ತೋಟದಲ್ಲಿ ಹಿಡಿದ ಹುಳ ಬೇಡ, ಮಿಂಚುಹುಳವಂತೂ ವಿಷ.

ಹೆಣ್ಣಿನ ಮಾತು ಬಾಕಿ ಇತ್ತಲ್ಲ. ವೇಲ್ಡ್ ಹೆಣ್ಣು ಗಂಡಿನ ಮುಖ ನೋಡದೆಯೂ ಮೊಟ್ಟೆ ಇಡುತ್ತೆ, ಒಂದೇ ಸಲಕ್ಕೆ ಹತ್ತಾರು. ಬಿಸಿ ಜಾಸ್ತಿ, ಊಟ ಜಾಸ್ತಿ ಆದಷ್ಟೂ ಮೊಟ್ಟೆ ಜಾಸ್ತಿ, ಆಯಸ್ಸು ಕಮ್ಮಿ. ಅದಕ್ಕೇ ಬೆಳೆದ ಹೆಣ್ಣಿಗೆ ವಾರಕ್ಕೆ ಮೂರು ದಿನ, ಸಲಕ್ಕೆ 3, 4 ಹುಳ. ಐದು ತಿಂಗಳು ತುಂಬೋ ಹೊತ್ತಿಗೆ ಕೇಜ್ ಒಳಗೆ 30 ಸೆಂಟಿಮೀಟರ್ ಆಳದ ಡಬ್ಬ ಇಟ್ಟು, 20 ಸೆಂಟಿಮೀಟರ್‌ನಷ್ಟು ತೊಳೆದ ಮರಳು ತುಂಬಿ ಒದ್ದೆ ಮಾಡಿ. ಬೆರಳು ಚುಚ್ಚಿ ತೆಗೆದಾಗ ತೂತು ಹಾಗೇ ನಿಲ್ಲಬೇಕು. ಕುಸಿದ್ರೆ ಸುರಂಗವೂ ಕುಸಿಯುತ್ತೆ. ಅಗೆಯೋಕೆ ಶುರು ಮಾಡಿದ್ರೆ ಕೇಜ್‌ಗೆ ಬಟ್ಟೆ ಮುಚ್ಚಿ ದೂರ ಹೋಗಿ. ಯಾರೋ ನೋಡ್ತಿದ್ದಾರೆ ಅನ್ಸಿದ್ರೆ ಅಗೆಯೋದು ಬಿಟ್ಟು ಮೊಟ್ಟೆ ಒಳಗೇ ಹಿಡ್ಕೊಳ್ಳುತ್ತೆ, ಅದು ಪ್ರಾಣಕ್ಕೇ ಬರುತ್ತೆ.

ಬಣ್ಣದ ಬಗ್ಗೆ ಒಂದು ಮಾತು. ಮಾತು ಬದಲಿಸೋರನ್ನ ನಾವು ಗೋಸುಂಬೆ ಅಂತ ಬೈತೀವಿ, ಆದ್ರೆ ಈ ಪ್ರಾಣಿಯ ಬಣ್ಣದಷ್ಟು ನೇರ ಮಾತು ಇನ್ನೊಂದಿಲ್ಲ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಪ್ಯಾಂಥರ್ ಮೇಲೆ ಅಧ್ಯಯನ ಮಾಡಿ ತೋರಿಸಿದ್ದು ಇದು: ಚರ್ಮದ ಕೋಶದೊಳಗೆ ಗ್ವಾನಿನ್ ಅನ್ನೋ ಪುಟ್ಟ ಹರಳುಗಳ ಸಾಲಿದೆ. ಪ್ರಾಣಿ ನಿರಾಳ ಇದ್ದಾಗ ಅವು ಒತ್ತೊತ್ತಾಗಿ ಕೂತು ಹಸಿರು ಕಾಣುತ್ತೆ, ಕೆರಳಿದಾಗ ದೂರ ಸರಿದು ಹಳದಿ, ಕೆಂಪು ಕಾಣುತ್ತೆ. ಸಾಕೋರಿಗೆ ಬೇಕಾದ್ದು ಇಷ್ಟು: ಬೆಳಗ್ಗೆ ಬಲ್ಬ್ ಕೆಳಗೆ ಕಪ್ಪಗಿದ್ರೆ ಬಿಸಿ ಹೀರ್ತಿದೆ. ರಾತ್ರಿ ಪೇಲವ ಇದ್ರೆ ನಿದ್ದೆ. ದಿನವಿಡೀ ಕಪ್ಪಗೆ, ಮೈ ಚಪ್ಪಟೆ ಮಾಡ್ಕೊಂಡು ಇದ್ರೆ ಏನನ್ನೋ ಕಂಡು ಹೆದರಿದೆ ಅಥವಾ ಹುಷಾರಿಲ್ಲ. ಬಲ್ಬ್ ಕೆಳಗೆ ಬಾಯಿ ತೆರೆದ್ರೆ ಸೆಖೆ. ತಂಪು ಜಾಗದಲ್ಲೂ ಮೂತಿ ಮೇಲೆತ್ತಿ ಬಾಯಿ ತೆರೆದು, ಪಟ್ ಪಟ್ ಸದ್ದು ಬಂದ್ರೆ ಶ್ವಾಸಕೋಶದ ಸೋಂಕು.

ಇನ್ನು ಪ್ರಾಣಿ ಬರೋ ದಿನ. ಡಬ್ಬಿಯಿಂದ ಕೈ ಹಾಕಿ ಎಳೀಬೇಡಿ, ಕೊಂಬೆಯಿಂದಲೂ ಅಷ್ಟೇ. ಹಿಡಿತ ಬಿಡಲ್ಲ, ಉಗುರು ಕಿತ್ತು ಬರುತ್ತೆ. ಡಬ್ಬಿ ತೆರೆದು ಕೇಜ್ ಬಾಗಿಲಲ್ಲಿ ಕೊಂಬೆಗೆ ತಾಗಿಸಿ ಇಡಿ, ತಾನೇ ಹತ್ತಲಿ. ಮುಂದೆ ಯಾವತ್ತಾದ್ರೂ ಎತ್ತಲೇಬೇಕಾದ್ರೆ ಅಂಗೈಯನ್ನ ಕೆಳಗಿಂದ, ಎದುರಿಗೆ ಹಿಡಿದು ಕಾಯಿರಿ. ಮುಟ್ಟಿದ ಮೇಲೆ ಸೋಪ್ ಹಾಕಿ ಕೈ ತೊಳೀರಿ, ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮೊದಲ ಒಂದೆರಡು ದಿನ ತಿನ್ನದೆ ಎಲೆ ಹಿಂದೆ ಅಡಗಿದ್ರೆ ಹುಡುಕ್ತಾ ಎಲೆ ಸರಿಸಬೇಡಿ. ಬಟ್ಟಲಲ್ಲಿ ಹುಳ ಇಟ್ಟು ಕೋಣೆಯಿಂದ ಹೊರಗೆ ಬನ್ನಿ. ಮೊದಲ ಹಸಿ ಹಿಕ್ಕೆ ಸಿಕ್ಕಿದ ದಿನ ಅದನ್ನ ಚಿಕ್ಕ ಡಬ್ಬಿಗೆ ಹಾಕಿ, ಸರೀಸೃಪ ನೋಡೋ ಡಾಕ್ಟರ್‌ಗೆ ಕೊಟ್ಟು ಹೊಟ್ಟೆಹುಳದ ಪರೀಕ್ಷೆ ಮಾಡಿಸಿ. ಆ ಡಾಕ್ಟರ್ ಯಾರು, ಎಲ್ಲಿ ಸಿಗ್ತಾರೆ ಅನ್ನೋದನ್ನ ಕೇಜ್ ಖಾಲಿ ಇರೋ ಈ ವಾರದಲ್ಲೇ ಹುಡುಕಿಟ್ಟಿರಿ.