ಗುಡ್ಡದ ಮೇಲೆ ಬಾಡಿಗೆ ಮನೆ ಬೇಕಾ, ಹೋಟೆಲ್ ಸಾಕಾ? ಒಂದೇ ರಾತ್ರಿ ಮೂರು ಸಲ ಕರೆಂಟ್ ಹೋಯಿತು!

ಈ ಕಿಟಕಿ ನೋಡಿಯೇ ನಾನು ಮರುಳಾದೆ. ಫೋಟೊದಲ್ಲಿ ಇದ್ದ ಹಾಗೇ ಇದೆ, ಅಲ್ವಾ? ನಾವು ಐದು ಜನ: ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಕ್ಯಾಮೆರಾ ಹಿಡಿದಿರುವ ನಾನು. ಹೋಟೆಲ್ ಆದರೆ ಎರಡು ಮೂರು ರೂಮ್ ಬೇಕು, ಮಕ್ಕಳು ಯಾರ ರೂಮಿನಲ್ಲಿ ಅಂತ ಜಗಳ ಬೇರೆ. ಮನೆ ಆದರೆ ಎಲ್ಲರೂ ಒಟ್ಟಿಗೆ ಇರಬಹುದು ಅಂತ ಹಟ ಮಾಡಿ ಬುಕ್ ಮಾಡಿಸಿದ್ದು ನಾನೇ. ಇದನ್ನು ಭಾವ ಇನ್ನೂ ಮರೆತಿಲ್ಲ.

ನೀವು ಬೆಟ್ಟ ನೋಡುತ್ತಾ ಇರಿ, ನಾನು ಚಳಿಯ ವಿಷಯ ಹೇಳುತ್ತೇನೆ. 1,000 ಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ಕಡಿಮೆ ಆಗುತ್ತದೆ. ನಾವು ಹೊರಟ ಜಾಗದಿಂದ 1,500 ಮೀಟರ್ ಹತ್ತಿದ್ದೇವೆ, ಅಂದರೆ ಹತ್ತಿರ ಹತ್ತಿರ 10 ಡಿಗ್ರಿ. ಅದು ಗೊತ್ತಿತ್ತು, ಸ್ವೆಟರ್ ತಂದಿದ್ದೆವು. ಆದರೆ ಬಾಗಿಲು ತೆಗೆದರೆ ಹೊರಗಿಗಿಂತ ಒಳಗೇ ಜಾಸ್ತಿ ಚಳಿ! ನಮಗಿಂತ ಮುಂಚೆ ಇದ್ದವರು ಹೋಗಿ ಒಂದು ವಾರ ಆಗಿದೆಯಂತೆ. ಖಾಲಿ ಮನೆಗೆ ಹೀಟರ್ ಯಾರು ಹಾಕುತ್ತಾರೆ? ಕಲ್ಲಿನ ಗೋಡೆ ವಾರವಿಡೀ ತಣ್ಣಗಾಗಿ ಕೂತಿದೆ. ಹೀಟರ್ ಹಾಕಿದರೆ ಗಾಳಿ ಬೇಗ ಬಿಸಿಯಾಗುತ್ತದೆ, ಗೋಡೆ ಮಾತ್ರ ಗಂಟೆಗಟ್ಟಲೆ ಆ ಬಿಸಿಯನ್ನು ಕುಡಿಯುತ್ತಲೇ ಇರುತ್ತದೆ. ಹೋಟೆಲಿನಲ್ಲಿ ಅಕ್ಕಪಕ್ಕದ ರೂಮಿನವರ ಬಿಸಿ ನಮ್ಮ ಗೋಡೆಗೂ ಪುಕ್ಕಟೆ ಬರುತ್ತದೆ.

ಈಗ ಸ್ಕ್ರೀನ್ ಕಪ್ಪಾಯಿತಲ್ಲ, ಅದು ಎಡಿಟಿಂಗ್ ಅಲ್ಲ.

ಹೀಟರ್ 2,000 ವ್ಯಾಟ್. ಗೀಸರ್ 2,000. ಅಕ್ಕ ಬಿಸಿನೀರಿಗೆ ಅಂತ ಇಟ್ಟ ಕೆಟಲ್ 1,500. ಒಟ್ಟು 5,500, ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್, ಟಪ್ ಅಂತ ಬಿತ್ತು. ಸರಿ, ಎತ್ತಿದರಾಯಿತು, ಆದರೆ ಪೆಟ್ಟಿಗೆ ಎಲ್ಲಿದೆ? ಭಾವ ಟಾರ್ಚ್ ಹಿಡಿದು ಬಾಗಿಲ ಹಿಂದೆ ನೋಡಿದರು, ಮೆಟ್ಟಿಲ ಕೆಳಗೆ ನೋಡಿದರು, ಬಟ್ಟೆ ಬೀರುವಿನ ಒಳಗೂ ನೋಡಿದರು. ಮಾಲೀಕರಿಗೆ ಫೋನ್ ಮಾಡೋಣ ಅಂದರೆ ಅಡುಗೆಮನೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರೆ ಮಾತ್ರ ನೆಟ್‌ವರ್ಕ್. ಇಪ್ಪತ್ತು ನಿಮಿಷ ಆದ ಮೇಲೆ ಸಿಕ್ಕರು. ಪೆಟ್ಟಿಗೆ ಮನೆಯ ಹಿಂದೆ ಇದೆಯಂತೆ, ಹೊರಗಡೆ, ಸೌದೆ ರಾಶಿಯ ಪಕ್ಕದಲ್ಲಿ. "ಒಂದು ಸಲಕ್ಕೆ ಒಂದೇ ಹಾಕಿ ಸಾರ್, ಫ್ರಿಡ್ಜ್ ಮೇಲೆ ಅಂಟಿಸಿದ್ದೀವಲ್ಲ" ಅಂದರು. ಅಂಟಿಸಿದ್ದು ನಿಜ. ಕಸ ಎಲ್ಲಿ ಹಾಕಬೇಕು, ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ.

ಒಂದು ಸಲಕ್ಕೆ ಒಂದೇ ಅಂದರೆ ಏನು ಗೊತ್ತಾ? ಗೀಸರ್ 15 ಲೀಟರಿನದು. ಈ ತಣ್ಣೀರು ಕಾಯುವುದಕ್ಕೆ ಅರ್ಧ ಗಂಟೆ ಹತ್ತಿರ ಬೇಕು. ಐದು ಜನರ ಸ್ನಾನಕ್ಕೆ ಎರಡು ಗಂಟೆಗೂ ಮೇಲೆ, ಅಷ್ಟೂ ಹೊತ್ತು ಹೀಟರ್ ಬಂದ್. ಸ್ನಾನ ಮಾಡಿದವರು ನಡುಗುತ್ತಾರೆ, ಮಾಡದವರೂ ನಡುಗುತ್ತಾರೆ. ಎರಡನೇ ಸಲ ಅಕ್ಕನ ಮಗಳು ಹೇರ್ ಡ್ರೈಯರ್ ಹಾಕಿದಳು. ಮೂರನೇ ಸಲ ನಾನೇ. ಕೆಟಲ್. ಮರೆತೇಹೋಗಿತ್ತು, ಬೈಯಬೇಡಿ. ರಾತ್ರಿ ಹನ್ನೊಂದಕ್ಕೆ ಸೌದೆ ರಾಶಿ ಹತ್ತಿರ ಹೋಗಿ ನಿಂತಾಗ ತೀರ್ಮಾನ ಮಾಡಿಬಿಟ್ಟೆ, ಹೋಟೆಲೇ ಸರಿ, ರಿಸೆಪ್ಷನ್‌ಗೆ ಒಂದು ಫೋನ್ ಮಾಡಿದರೆ ಮುಗಿಯಿತು, ಎಂಸಿಬಿ ಎಲ್ಲಿದೆ ಅನ್ನುವುದು ಅವರ ತಲೆನೋವು.

ಇದು ಬೆಳಿಗ್ಗೆ. ಬೆಳಕು ನೋಡಿ. ಸುಮ್ನೆ ನೋಡಿ ಒಂದು ನಿಮಿಷ.

ಮಕ್ಕಳು ಸಾಕ್ಸ್ ಹಾಕಿಕೊಂಡು ಹಾಲ್‌ನಲ್ಲಿ ಜಾರುತ್ತಿದ್ದಾರೆ, ಕೆಳಗಿನ ರೂಮಿನವರು ದೂರು ಕೊಡುತ್ತಾರೆ ಅನ್ನುವ ಭಯ ಇಲ್ಲ. ನೈಟ್ ಡ್ರೆಸ್‌ನಲ್ಲೇ ಹನ್ನೊಂದರವರೆಗೆ ಕೂತಿದ್ದೆವು. ರಾತ್ರಿ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಪೂರ್ತಿ ಅಲ್ಲ, ಅರ್ಧ. ಯಾಕೆಂದರೆ ಆ ಪಾತ್ರೆಯಲ್ಲಿ ಆಲೂಗಡ್ಡೆ ಮುಕ್ಕಾಲು ಗಂಟೆಯಿಂದ ಕುದಿಯುತ್ತಿದೆ. ಸಮುದ್ರಮಟ್ಟದಿಂದ 2,000 ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಉರಿ ಎಷ್ಟು ಜೋರು ಮಾಡಿದರೂ ನೀರು ಆವಿಯಾಗಿ ಹೋಗುತ್ತದೆಯೇ ಹೊರತು ಅದಕ್ಕಿಂತ ಬಿಸಿ ಏರುವುದಿಲ್ಲ. ಕುಕ್ಕರ್ ಬೇಕು. ಹನ್ನೆರಡು ಗಾಜಿನ ಲೋಟ ಇಟ್ಟಿದ್ದಾರೆ, ಕುಕ್ಕರ್ ಮಾತ್ರ ಇಲ್ಲ!

ಬಿಲ್ ವಿಷಯ ಬೇಗ ಹೇಳುತ್ತೇನೆ, ಭಾವ ಹಾರ್ನ್ ಹೊಡೆಯುತ್ತಿದ್ದಾರೆ. ಕ್ಲೀನಿಂಗ್ ಚಾರ್ಜ್ ಅಂತ ಒಂದು ಇರುತ್ತದೆ, ಎಷ್ಟು ರಾತ್ರಿ ಇದ್ದರೂ ಒಂದೇ ಸಲ ಹಾಕುತ್ತಾರೆ. ನಮ್ಮದು ಒಂದು ರಾತ್ರಿಯ ಬಾಡಿಗೆಯ ಅರ್ಧದಷ್ಟಿತ್ತು. ಒಂದೇ ರಾತ್ರಿಗೆ ಬಂದ ನಮಗೆ ಶೇಕಡಾ 50 ಜಾಸ್ತಿ ಬಿತ್ತು, ಐದು ರಾತ್ರಿ ಇದ್ದಿದ್ದರೆ ಬರೀ ಶೇಕಡಾ 10. ಗೋಡೆ ಬೆಚ್ಚಗಾಗುವಷ್ಟರಲ್ಲಿ ಹೊರಟೆವು, ದುಡ್ಡು ಕೊಟ್ಟು ಪಾತ್ರೆಯನ್ನೂ ನಾವೇ ತೊಳೆದೆವು. ಒಂದು ರಾತ್ರಿಗಾದರೆ ಹೋಟೆಲಿಗೆ ಹೋಗಿ, ಇದರಲ್ಲಿ ನನಗೆ ಡೌಟೇ ಇಲ್ಲ. ನಾಲ್ಕೈದು ದಿನ ಇರುವುದಾದರೆ ಮನೆ ತೆಗೆದುಕೊಳ್ಳಿ, ಬುಕ್ ಮಾಡುವ ಮುಂಚೆ ಹೀಟರ್, ಗೀಸರ್ ಒಟ್ಟಿಗೆ ಹಾಕಬಹುದಾ ಅಂತ ಕೇಳಿ.

ಬಂದೆ ಭಾವ, ಬಂದೆ! ಒಂದು ನಿಮಿಷ, ಗೀಸರ್ ಆಫ್ ಮಾಡಿದ್ದೀವಾ?